ಹೇಗಿದ್ದರೂ ಬೀಳುವ ಹಲ್ಲಿಗೆ ಚಿಕಿತ್ಸೆ ಏಕೆ?

ಪ್ರಶ್ನೆ: ನಮ್ಮ ಮಗಳಿಗೆ ಈಗ ಐದು ವರ್ಷ. ಕೆಳಗಿನ ದವಡೆಯಲ್ಲಿ ಎರಡು ಹಲ್ಲುಗಳು ಹುಳುಕಾಗಿವೆ. ರಾತ್ರಿ ನೋವೆಂದು ಎದ್ದು ಅಳುತ್ತಾಳೆ. ಇಲ್ಲಿನ ದಂತವೈದ್ಯರು ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು ಎನ್ನುತ್ತಾರೆ. ಊರಿಗೆ ಫೋನು ಮಾಡಿದರೆ ಅತ್ತೆಯವರು, “ಹಾಲುಹಲ್ಲಿಗೆ ಯಾರಾದರೂ ದುಡ್ಡು ಸುರಿಯುತ್ತಾರೆಯೇ? ಇವತ್ತಲ್ಲ ನಾಳೆ ಬೀಳುವುದೇ ತಾನೇ?” ಎಂದು ನಗುತ್ತಾರೆ. ಯಾರ ಮಾತು ಕೇಳಬೇಕು?
ಓದುಗರೊಬ್ಬರು, ಮುಲುಂಡ್, ಮುಂಬಯಿ

ಉತ್ತರ: ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕವನ್ನು ನಾನು ಇಟ್ಟಿಲ್ಲ. ಮಾಟುಂಗಾದ ನನ್ನ ಚಿಕಿತ್ಸಾಲಯದಲ್ಲಿ ವಾರಕ್ಕೆ ನಾಲ್ಕು ಸಲವಾದರೂ ಹೇಳುತ್ತೇನೆ. ಸಂಘದವರು ಏರ್ಪಡಿಸುವ ಆರೋಗ್ಯ ಶಿಬಿರಗಳಲ್ಲಿ ಹೇಳಿದ್ದೇನೆ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ, ಒಮ್ಮೆ ಕಲ್ಯಾಣದ ಕಡೆಗೆ ಹೊರಟ ಲೋಕಲ್ ರೈಲಿನಲ್ಲಿ ನಿಲ್ಲಲೂ ಜಾಗವಿಲ್ಲದಿದ್ದಾಗ ಪರಿಚಯದ ತಾಯಿಯೊಬ್ಬರಿಗೆ ದಾದರಿನಿಂದ ಠಾಣೆಯವರೆಗೂ ಹೇಳಿದ್ದೇನೆ. ಮರುವಾರ ಅವರ ಅಕ್ಕ ಬಂದು ಅದೇ ಪ್ರಶ್ನೆಯನ್ನು ಕೇಳಿದರು. ಆದ್ದರಿಂದ ಈ ಬಾರಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಚುಟುಕಾದ ಉತ್ತರ ಬೇಕಿದ್ದವರಿಗೆ: ರಾತ್ರಿ ಮಗುವನ್ನು ನಿದ್ದೆಯಿಂದ ಎಬ್ಬಿಸುವ ನೋವೆಂದರೆ ಹುಳುಕು ನರದವರೆಗೆ ತಲುಪಿದೆಯೆಂದೇ ಸಾಮಾನ್ಯವಾಗಿ ಅರ್ಥ, ಹಾಗಾಗಿ ನಿಮ್ಮ ದಂತವೈದ್ಯರ ಮಾತು ಸರಿ. ನಿಮ್ಮ ಅತ್ತೆಯವರ ಮಾತೂ ಅರ್ಧ ಸರಿಯೇ. ಆ ಅರ್ಧ ಬೇರೆ ಹಲ್ಲಿಗೆ ಸೇರಬೇಕಾದದ್ದು, ಅಷ್ಟೇ.

ಮಗುವಿನ ಬಾಯಲ್ಲಿ ಹಾಲುಹಲ್ಲುಗಳು ಒಟ್ಟು 20. ಆರನೆಯ ತಿಂಗಳ ಸುಮಾರಿಗೆ ಮೊದಲನೆಯದು ಕಾಣಿಸಿಕೊಂಡು, ಎರಡೂವರೆಯಿಂದ ಮೂರು ವರ್ಷದೊಳಗೆ ಎಲ್ಲವೂ ಬಂದಿರುತ್ತವೆ. ಇವುಗಳಲ್ಲಿ ಮುಂದಿನ ಬಾಚಿಹಲ್ಲುಗಳು ಆರು, ಏಳನೆಯ ವರ್ಷದಿಂದ ಉದುರತೊಡಗುತ್ತವೆ. ಮಗು ನಕ್ಕಾಗ ಕಾಣುವುದು ಆ ಹಲ್ಲುಗಳೇ. ಅವು ಬಿದ್ದಾಗ ಮನೆಯವರಿಗೆಲ್ಲ ಸಂಭ್ರಮ. ಊರಿನಲ್ಲಾದರೆ ಸಗಣಿಯ ಉಂಡೆಯೊಳಗಿಟ್ಟು ಹೆಂಚಿನ ಮೇಲೆಸೆಯುವ ಪದ್ಧತಿಯೂ ಉಂಟು. (ಇಲ್ಲಿ ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿ ಅದನ್ನು ಎಲ್ಲಿಗೆ ಎಸೆಯಬೇಕೆಂದು ಕೇಳಿದವರೂ ಇದ್ದಾರೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.) “ಹಾಲುಹಲ್ಲು ಬೇಗ ಬೀಳುತ್ತದೆ” ಎಂಬ ನಂಬಿಕೆ ಹುಟ್ಟಿದ್ದು ಈ ಮುಂದಿನ ಹಲ್ಲುಗಳನ್ನು ನೋಡಿ. ಹಿಂದಿನ ದವಡೆಹಲ್ಲುಗಳ ಲೆಕ್ಕವೇ ಬೇರೆ. ಅವು ಬೀಳುವುದು ಹತ್ತರಿಂದ ಹನ್ನೆರಡನೆಯ ವರ್ಷದ ನಡುವೆ. ಒಳಬದಿಯಲ್ಲಿರುವುದರಿಂದ ಬಿದ್ದದ್ದು ಎಷ್ಟೋ ಸಲ ಯಾರ ಗಮನಕ್ಕೂ ಬರುವುದಿಲ್ಲ. ಹೆಸರೂ ಒಂದಿಷ್ಟು ದಾರಿ ತಪ್ಪಿಸುತ್ತದೆ: ಹಾಲು ಕುಡಿಯುವ ವಯಸ್ಸಿನ ಹಲ್ಲೆಂದರೆ ಆ ವಯಸ್ಸು ದಾಟಿದೊಡನೆ ಅದರ ಕೆಲಸವೂ ಮುಗಿಯಿತೆಂದು ಕಿವಿಗೆ ಕೇಳಿಸುತ್ತದೆ.

ಈಗ ನಿಮ್ಮ ಮಗಳ ಲೆಕ್ಕ ಹಾಕೋಣ. ಅವಳಿಗೆ ಐದು ವರ್ಷ, ಹುಳುಕಾಗಿರುವುದು ದವಡೆಹಲ್ಲುಗಳು. ಅವು ತಾವಾಗಿ ಬೀಳಲು ಇನ್ನೂ ಐದಾರು ವರ್ಷ ಬೇಕು. ಎಂದರೆ ಸೀನಿಯರ್ ಕೆಜಿಯಲ್ಲಿರುವ ಹುಡುಗಿ ಐದನೆಯ ಇಯತ್ತೆ ದಾಟುವವರೆಗೆ ಅವುಗಳಿಂದಲೇ ಚಪಾತಿಯನ್ನೂ ಅಕ್ಕಿರೊಟ್ಟಿಯನ್ನೂ ಅಗಿಯಬೇಕು. ಐದಾರು ವರ್ಷ ಬಳಸಬೇಕಾದ ಚಪ್ಪಲಿಯನ್ನು ಕೂಡ ನಾವು “ಹೇಗಿದ್ದರೂ ಸವೆಯುತ್ತದೆ” ಎಂದು ಹರಿದ ಸ್ಥಿತಿಯಲ್ಲಿ ಮಗುವಿನ ಕಾಲಿಗೆ ಹಾಕಿ ಕಳಿಸುವುದಿಲ್ಲ.

ಅಷ್ಟು ವರ್ಷ ಹುಳುಕು ಸುಮ್ಮನೆ ಕಾದು ಕುಳಿತಿರುತ್ತದೆಯೇ ಎಂಬುದು ಮುಂದಿನ ಮಾತು. ಕಾದಿರುವುದಿಲ್ಲ. ಹಾಲುಹಲ್ಲಿನ ಹೊರಕವಚವಾದ ಎನಾಮಲ್ ದೊಡ್ಡವರ ಹಲ್ಲಿನದಕ್ಕಿಂತ ತೆಳು, ಹೆಚ್ಚುಕಡಿಮೆ ಅರ್ಧದಷ್ಟು. ಒಳಗೆ ನರ ಮತ್ತು ರಕ್ತನಾಳಗಳಿರುವ ತಿರುಳು ಮಾತ್ರ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹಾಗಾಗಿ ದೊಡ್ಡವರ ಹಲ್ಲಿನಲ್ಲಿ ನಿಧಾನವಾಗಿ ಇಳಿಯುವ ಹುಳುಕು ಮಕ್ಕಳಲ್ಲಿ ಕೆಲವೇ ತಿಂಗಳುಗಳಲ್ಲಿ ತಿರುಳನ್ನು ಮುಟ್ಟಬಲ್ಲದು. ಗಣೇಶ ಚತುರ್ಥಿಗೆ ಸಣ್ಣ ಕಂದು ಚುಕ್ಕೆಯಾಗಿ ಕಂಡದ್ದನ್ನು ಬೇಸಿಗೆ ರಜೆಗೆ ಊರಿಗೆ ಹೋಗಿಬಂದ ಮೇಲೆ ಕೀವಿನ ಗುಳ್ಳೆಯಾಗಿ ನನ್ನ ಮುಂದೆ ತಂದು ನಿಲ್ಲಿಸಿದವರು ಹಲವರು. ಸೋಂಕು ಮುಂದುವರಿದರೆ ಕೆನ್ನೆ ಊದಿಕೊಂಡು ಜ್ವರ ಬಂದು, ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾದ ಸಂದರ್ಭಗಳೂ ಇವೆ. ಆಗ ತಗಲುವ ವೆಚ್ಚದ ಮುಂದೆ ಕ್ಯಾಪಿನ ವೆಚ್ಚ ಏನೂ ಅಲ್ಲ.

ಇನ್ನು, ಹಾಲುಹಲ್ಲಿನ ಕೆಳಗೆ ಏನಿದೆ ಎಂಬುದನ್ನು ಅತ್ತೆಯವರು ನೋಡಿರುವುದು ಸಾಧ್ಯವಿಲ್ಲ. ಎಕ್ಸ್‌ರೇ ತೆಗೆದಾಗ ಮಾತ್ರ ಅದು ಕಾಣುತ್ತದೆ. ಹಾಲು ದವಡೆಹಲ್ಲಿನ ಬೇರುಗಳು ಅಗಲವಾಗಿ ಕವಲೊಡೆದಿರುತ್ತವೆ, ಮತ್ತು ಆ ಕವಲುಗಳ ನಡುವೆ, ಕೋಳಿಯ ರೆಕ್ಕೆಯಡಿಯಲ್ಲಿ ಮರಿ ಇದ್ದಂತೆ, ಮುಂದೆ ಬರಬೇಕಾದ ಶಾಶ್ವತ ಹಲ್ಲು ರೂಪುಗೊಳ್ಳುತ್ತಿರುತ್ತದೆ. ಹುಳುಕಿನ ಕೀವು ಮೊದಲು ಇಳಿಯುವುದು ಈ ಕವಲಿಗೇ. ಅಲ್ಲಿ ಸೋಂಕು ದೀರ್ಘಕಾಲ ನಿಂತರೆ, ಕೆಳಗಿನ ಹೊಸ ಹಲ್ಲಿನ ಎನಾಮಲ್ ಸರಿಯಾಗಿ ಕಟ್ಟಿಕೊಳ್ಳದೆ, ಅದು ಹುಟ್ಟುವಾಗಲೇ ಕಂದು ಕಲೆ ಅಥವಾ ಕುಳಿಗಳೊಂದಿಗೆ ಬರಬಹುದು. ದಂತವೈದ್ಯರು ಇದನ್ನು ಟರ್ನರ್ ಹಲ್ಲು ಎನ್ನುತ್ತಾರೆ. ಹತ್ತನೆಯ ವಯಸ್ಸಿನಲ್ಲಿ ಅಂಥ ಹಲ್ಲು ಬಂದಾಗ, “ಹೊಸ ಹಲ್ಲೇ ಹೀಗೆ ಬಂತಲ್ಲ, ಕ್ಯಾಲ್ಸಿಯಂ ಕಡಿಮೆಯೇ?” ಎಂದು ಪೋಷಕರು ಕೇಳುತ್ತಾರೆ. ಐದು ವರ್ಷದ ಹಿಂದಿನ ಕೀವಿಗೂ ಇದಕ್ಕೂ ಇರುವ ನಂಟು ಯಾರಿಗೂ ನೆನಪಾಗುವುದಿಲ್ಲ. ಈ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಕಾರಣವೇ ಇದು: ತಪ್ಪು ನಡೆದ ಕಾಲಕ್ಕೂ ಅದರ ಫಲ ಕಾಣುವ ಕಾಲಕ್ಕೂ ನಡುವೆ ಅಷ್ಟೊಂದು ವರ್ಷಗಳ ಅಂತರವಿದೆ.

“ಹಾಗಾದರೆ ಕಿತ್ತು ಹಾಕಿಬಿಡಿ, ನೋವೂ ಇಲ್ಲ ಖರ್ಚೂ ಇಲ್ಲ” ಎನ್ನುವವರು ಇನ್ನೊಂದು ಗುಂಪು. ಲೋಕಲ್ ರೈಲಿನಲ್ಲಿ ಮೂರು ಜನರ ಸೀಟಿನಿಂದ ಒಬ್ಬರು ಎದ್ದು ಹೋದರೆ ಆ ಜಾಗ ಎಷ್ಟು ಹೊತ್ತು ಖಾಲಿ ಇರುತ್ತದೆಂಬುದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ದವಡೆಯಲ್ಲೂ ಹಾಗೆಯೇ. ಹಾಲು ದವಡೆಹಲ್ಲನ್ನು ಹೊತ್ತಿಗೆ ಮುಂಚೆ ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಆ ಜಾಗವನ್ನು ಆಕ್ರಮಿಸುತ್ತದೆ. ನಾಲ್ಕೈದು ವರ್ಷಗಳ ನಂತರ ಅಲ್ಲಿಗೆ ಬರಬೇಕಾದ ಶಾಶ್ವತ ಹಲ್ಲು ಒಳಗೆ ಸಿಕ್ಕಿಕೊಳ್ಳುತ್ತದೆ ಅಥವಾ ಓರೆಯಾಗಿ ಹೊರಬರುತ್ತದೆ. ಆಮೇಲೆ ಹದಿಮೂರನೆಯ ವಯಸ್ಸಿನಲ್ಲಿ ತಂತಿ ಹಾಕಿಸಲು ಸಾಲ ಮಾಡಬೇಕು. ಹಲ್ಲು ಉಳಿಸಲಾಗದಷ್ಟು ಹಾಳಾಗಿದ್ದರೆ ಕೀಳಲೇಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಿತ್ತ ಮೇಲೆ ಆ ಜಾಗವನ್ನು ಕಾಯ್ದಿರಿಸಲು ಪಕ್ಕದ ಹಲ್ಲಿಗೆ ಒಂದು ಪಟ್ಟಿಯನ್ನೂ ಅದರಿಂದ ಹೊರಟ ತಂತಿಯ ಕುಣಿಕೆಯನ್ನೂ ಕೂರಿಸುವ ಸ್ಪೇಸ್ ಮೇಂಟೇನರ್ ಎಂಬ ಸಾಧನ ಬೇಕಾಗಬಹುದೇ ಎಂದು ಕೇಳಿ ತಿಳಿದುಕೊಳ್ಳಿ.

ಇಷ್ಟು ಹೇಳಿದ ಮೇಲೂ ಎಲ್ಲ ಹಾಲುಹಲ್ಲಿಗೂ ಎಲ್ಲ ಚಿಕಿತ್ಸೆಯೂ ಬೇಕೆಂದು ನಾನು ಹೇಳುವುದಿಲ್ಲ. ಆರೂವರೆ ವರ್ಷದ ಮಗುವಿನ ಮುಂದಿನ ಬಾಚಿಹಲ್ಲು ಆಗಲೇ ಅಲುಗಾಡುತ್ತಿದ್ದು ಅದರಲ್ಲಿ ಸಣ್ಣ ಹುಳುಕಿದ್ದರೆ, ಅಲ್ಲಿ ಅತ್ತೆಯವರ ಮಾತೇ ಸರಿ, ಬಿಟ್ಟುಬಿಡಿ. ದಂತವೈದ್ಯರಲ್ಲಿ ಕೇಳಬೇಕಾದ ಸರಿಯಾದ ಪ್ರಶ್ನೆ “ಇದು ಬೀಳುವ ಹಲ್ಲೇ?” ಎಂಬುದಲ್ಲ, “ಇದು ಬೀಳಲು ಇನ್ನೆಷ್ಟು ಕಾಲ ಬೇಕು?” ಎಂಬುದು. ಬೀಳುವ ಮುನ್ನ ಹಾಲುಹಲ್ಲಿನ ಬೇರು ಕರಗುತ್ತಾ ಹೋಗುತ್ತದೆ; ಅದು ಎಷ್ಟು ಕರಗಿದೆಯೆಂದು ಎಕ್ಸ್‌ರೇಯಲ್ಲಿ ನೋಡಿ ಅವರು ಆ ಕಾಲವನ್ನು ಅಂದಾಜಿಸಬಲ್ಲರು.

ನಿಮಗೆ ಹೇಳಿರುವ ಚಿಕಿತ್ಸೆಯ ಬಗ್ಗೆಯೂ ಎರಡು ಮಾತು. ಮಕ್ಕಳಿಗೆ ರೂಟ್ ಕೆನಾಲ್ ಎಂದರೆ ದೊಡ್ಡವರಿಗೆ ಮಾಡುವ ಅದೇ ಚಿಕಿತ್ಸೆಯಲ್ಲ. ಸೋಂಕು ತಿರುಳಿನ ಮೇಲ್ಭಾಗದಲ್ಲಷ್ಟೇ ಇದ್ದರೆ ಆ ಭಾಗವನ್ನು ಮಾತ್ರ ತೆಗೆದು ಬೇರಿನೊಳಗಿನ ಜೀವಂತ ತಿರುಳನ್ನು ಉಳಿಸುತ್ತಾರೆ; ಬೇರಿನವರೆಗೂ ಹಬ್ಬಿದ್ದರೆ ಪೂರ್ತಿ ಸ್ವಚ್ಛಗೊಳಿಸಿ, ಬೇರಿನೊಂದಿಗೆ ತಾನೂ ಕ್ರಮೇಣ ಕರಗುವಂಥ ಪದಾರ್ಥವನ್ನು ತುಂಬುತ್ತಾರೆ. “ಒಳಗೆ ಸಿಮೆಂಟು ತುಂಬಿದರೆ ಹೊಸ ಹಲ್ಲು ಹೇಗೆ ಬಂದೀತು?” ಎಂಬ ಭಯಕ್ಕೆ ಆಸ್ಪದವಿಲ್ಲ. ತಿರುಳು ತೆಗೆದ ಹಲ್ಲು ಒಡೆಯುವ ಸಂಭವ ಹೆಚ್ಚಾದ್ದರಿಂದ ಮೇಲೆ ಸ್ಟೀಲಿನ ಕ್ಯಾಪ್ ಹಾಕುತ್ತಾರೆ. ಹೊತ್ತು ಬಂದಾಗ ಅದು ಹಲ್ಲಿನ ಜೊತೆಗೇ ಉದುರುತ್ತದೆ. ಹುಳುಕು ತಿರುಳನ್ನು ಮುಟ್ಟಿರದಿದ್ದರೆ ಚುಚ್ಚುಮದ್ದು, ಕೊರೆತ ಯಾವುದೂ ಇಲ್ಲದೆ ಕ್ಯಾಪನ್ನು ಹಾಗೆಯೇ ಕೂರಿಸಿ ಹುಳುಕನ್ನು ಒಳಗೇ ಮುಚ್ಚಿಹಾಕುವ ಕ್ರಮವೂ ಇದೆ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಅವರಿಂದ ಅದಕ್ಕೆ ಹಾಲ್ ವಿಧಾನವೆಂಬ ಹೆಸರು ಬಂದಿದೆ. ಕುರ್ಚಿಯಲ್ಲಿ ಕೂರಲೊಲ್ಲದ ಪುಟ್ಟ ಮಕ್ಕಳಿಗೆ ಬೆಳ್ಳಿಯ ಅಂಶವಿರುವ ಫ್ಲೋರೈಡ್ ದ್ರಾವಣವನ್ನು ಹಚ್ಚಿ ಹುಳುಕನ್ನು ತಡೆಯುವುದುಂಟು. ಹುಳುಕಿನ ಜಾಗ ಕಪ್ಪಾಗುತ್ತದೆಂಬುದು ಅದರ ಮುಖ್ಯ ಕೊರತೆ. ಖರ್ಚು ನಿಜವಾಗಿಯೂ ಅಡ್ಡಿಯಾಗಿದ್ದರೆ ಮುಂಬಯಿ ಸೆಂಟ್ರಲ್ಲಿನ ನಾಯರ್ ದಂತ ಆಸ್ಪತ್ರೆಯಲ್ಲೂ, ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿಯ ಸರ್ಕಾರಿ ದಂತ ಕಾಲೇಜಿನಲ್ಲೂ ಮಕ್ಕಳ ವಿಭಾಗಗಳಿವೆ. ಬೆಳಿಗ್ಗೆ ಬೇಗ ಹೋಗಿ.

ಹುಳುಕು ಎಂಬ ಪದದಲ್ಲೇ ಹುಳ ಅಡಗಿದೆ, ಮರಾಠಿಯವರೂ ‘ಕೀಡ’ ಎನ್ನುತ್ತಾರೆ. ಆದರೆ ಹಲ್ಲಿನಲ್ಲಿ ಯಾವ ಹುಳವೂ ಇಲ್ಲ. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಷ್ಟು ಹಿಂದೆಯೇ ಆ ಕಥೆಯನ್ನು ತಳ್ಳಿಹಾಕಿದ್ದರು. ಇರುವುದು ಸಕ್ಕರೆಯನ್ನು ಆಮ್ಲವಾಗಿಸುವ ಬ್ಯಾಕ್ಟೀರಿಯಾ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲೆ ಆಮ್ಲ ಏರುತ್ತದೆ, ಅದನ್ನು ಸರಿಪಡಿಸಲು ಜೊಲ್ಲಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆದ್ದರಿಂದ ಎಷ್ಟು ತಿಂದರೆಂಬುದಕ್ಕಿಂತ ಎಷ್ಟು ಸಲ ತಿಂದರೆಂಬುದು ಮುಖ್ಯ. ಹಬ್ಬದೂಟದ ಜೊತೆಗೆ ಒಂದು ಹೋಳಿಗೆ ತಿಂದ ಮಗುವಿಗಿಂತ, ದಿನವಿಡೀ ಗ್ಲುಕೋಸ್ ಬಿಸ್ಕೆಟ್ಟನ್ನು ಚೂರುಚೂರಾಗಿ ಮೆಲ್ಲುವ ಮಗುವಿನ ಹಲ್ಲಿಗೇ ಅಪಾಯ ಹೆಚ್ಚು. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವುದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ.

ಟೂತ್‌ಪೇಸ್ಟಿನ ಫ್ಲೋರೈಡಿಗೆ ಹೆದರುವವರು, ಅದರಲ್ಲೂ ಪಾವಗಡ, ಕೋಲಾರ, ರಾಯಚೂರು ಕಡೆಯಿಂದ ಬಂದವರು, ನನ್ನಲ್ಲಿ ಬರುತ್ತಾರೆ. ಅವರ ಹೆದರಿಕೆ ಅಕಾರಣವಲ್ಲ. ಆ ಭಾಗಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿ, ಹಲ್ಲು ಮೂಳೆಗಳೆರಡೂ ಕೆಟ್ಟವರನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆದರೆ ನೀವು ಮುಲುಂಡಿನಲ್ಲಿ ಕುಡಿಯುವುದು ಭಾತ್ಸಾ, ವೈತರಣಾ ಮುಂತಾದ ಜಲಾಶಯಗಳ ನೀರು. ಮಳೆನೀರು ತುಂಬಿದ ಕೆರೆಯಲ್ಲಿ ಬಂಡೆಯಾಳದ ಫ್ಲೋರೈಡ್ ಇರುವುದಿಲ್ಲ. ಆದ್ದರಿಂದ ಇಲ್ಲಿನ ಮಕ್ಕಳಿಗೆ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಫ್ಲೋರೈಡ್ ಇರುವ ಪೇಸ್ಟು ಬೇಕು, ಪ್ರಮಾಣ ಮಾತ್ರ ಮಿತವಾಗಿರಲಿ: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಸುರುಳಿ ಹಾಕಿ ತೋರಿಸುವುದು ಪೇಸ್ಟು ಬೇಗ ಮುಗಿಯಲೆಂದು. ಏಳೆಂಟು ವರ್ಷದವರೆಗೆ ಉಜ್ಜುವ ಕೈ ನಿಮ್ಮದೇ ಆಗಿರಲಿ.

ನೀವು ಕೇಳದೆ ಇರುವ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ, ಏಕೆಂದರೆ ಇದನ್ನು ಯಾರೂ ಕೇಳುವುದೇ ಇಲ್ಲ. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಸಾಲಿನ ಕೊನೆಯಲ್ಲಿ, ಯಾವ ಹಲ್ಲೂ ಬೀಳದೆ, ಮೇಲೆ ಎರಡು, ಕೆಳಗೆ ಎರಡು ದೊಡ್ಡ ದವಡೆಹಲ್ಲುಗಳು ಸದ್ದಿಲ್ಲದೆ ಬರುತ್ತವೆ. ಏನೂ ಉದುರದೆ ಬಂದದ್ದರಿಂದ ಅವನ್ನೂ ಹಾಲುಹಲ್ಲೆಂದೇ ಮನೆಯವರು ತಿಳಿಯುತ್ತಾರೆ. ಹುಳುಕಾದರೆ “ಬಿದ್ದುಹೋಗುತ್ತದೆ ಬಿಡಿ” ಎಂಬ ಅದೇ ಮಾತು. ಅವು ಬೀಳುವುದಿಲ್ಲ. ಜೀವಮಾನವಿಡೀ ಇರಬೇಕಾದ ಹಲ್ಲುಗಳವು, ಬದಲಿಗೆ ಬರುವಂಥದ್ದು ಯಾವುದೂ ಕೆಳಗಿಲ್ಲ. ಎಂಟು ವರ್ಷದ ಹುಡುಗನ ಇಂಥ ಹಲ್ಲು ಬೇರಿನವರೆಗೂ ಕೊಳೆತ ಮೇಲೆ, ಅದು ಶಾಶ್ವತ ಹಲ್ಲೆಂದು ತಂದೆಗೆ ತಿಳಿಹೇಳುವುದು ನನ್ನ ಕೆಲಸದಲ್ಲಿ ನನಗೆ ಅತ್ಯಂತ ಬೇಸರದ ಭಾಗ.

ಗುರುತಿಸುವುದು ಕಷ್ಟವಲ್ಲ. ಇವತ್ತು ರಾತ್ರಿ ಹಲ್ಲು ಉಜ್ಜಿಸುವಾಗ ಮಗಳ ಬಾಯಿ ತೆರೆಸಿ, ಮುಂದಿನ ಎರಡು ಹಲ್ಲುಗಳ ನಡುವಿನ ಗೆರೆಯಿಂದ ಒಂದು ಬದಿಗೆ ಎಣಿಸುತ್ತಾ ಹೋಗಿ. ಐದಕ್ಕೆ ಮುಗಿದರೆ ಇನ್ನೂ ಬಂದಿಲ್ಲ; ಕೆಲವು ತಿಂಗಳು ಬಿಟ್ಟು ಮತ್ತೆ ಎಣಿಸಿ. ಆರನೆಯದು ಸಿಕ್ಕರೆ, ಅದು ಪೂರ್ತಿ ಮೇಲೇಳುತ್ತಲೇ ಅದರ ಆಳವಾದ ಗೀರುಗಳನ್ನು ಸೀಲೆಂಟ್ ಎಂಬ ತೆಳು ಲೇಪ ಹಚ್ಚಿ ಮುಚ್ಚಿಸಬೇಕು. ಹೇಗೂ ಕ್ಯಾಪಿಗೆಂದು ಹೋಗುವವರಿದ್ದೀರಿ, ಅದೇ ಭೇಟಿಯಲ್ಲಿ ಈ ಮಾತನ್ನೂ ಎತ್ತಿ.