ಕುಂಕುಮ ಕಪ್ಪಾಗಿ ಕಂಡ ಕಾಲ

1860ರ ದಶಕದ ಯಾವುದಾದರೂ ಫೋಟೋದಲ್ಲಿ ಹೆಂಗಸರ ಹಣೆಯನ್ನು ಗಮನಿಸಿ. ಕುಂಕುಮ ಕಾಡಿಗೆಯಷ್ಟು ಕಪ್ಪಗಿರುತ್ತದೆ. ಪಕ್ಕದವನ ರುಮಾಲು ನೀಲಿಯದಾಗಿದ್ದರೆ ಮಡಿವಾಳರ ಮನೆಯಿಂದ ಈಗಷ್ಟೇ ಬಂದಂತೆ ಬೆಳ್ಳಗೆ ಕಾಣುತ್ತದೆ. ಫೋಟೋದಲ್ಲಿ ಬೆಳಕು ಹಿಡಿಯುತ್ತಿದ್ದ ಅಂದಿನ ಬೆಳ್ಳಿ ಲವಣಗಳಿಗೆ ಸರಿಯಾಗಿ ತಾಗುತ್ತಿದ್ದುದು ನೀಲಿ ಬೆಳಕು ಮಾತ್ರ. ಕೆಂಪು, ಅರಿಸಿನದ ಹಳದಿ, ಎಲೆಯ ಹಸಿರು ಎಲ್ಲವೂ ಕತ್ತಲಾಗುತ್ತಿದ್ದವು. ನೆಲಕ್ಕೆ ಹೊಂದುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಸುಣ್ಣ ಬಳಿದ ಗೋಡೆಯಾಗುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟು (ರಸಾಯನ ಲೇಪಿಸಿದ ಗಾಜು) ಮಾರುಕಟ್ಟೆಗೆ ಬಂದದ್ದು 1906ರಲ್ಲಿ.

ಬ್ರಿಟಿಷರ ಕಾಲದ ಚಿತ್ರಗಳಲ್ಲಿ ಬೀದಿಗಳು ಬಿಕೋ ಎನ್ನುತ್ತವೆ, ಜನ ಕಂಬದಂತೆ ನಿಂತಿರುತ್ತಾರೆ. ‘ಅವರಿಗೆ ಕಲ್ಲುಗಳೇ ಬೇಕಿದ್ದವು, ಜನ ಬೇಕಿರಲಿಲ್ಲ’ ಎಂಬ ಮಾತು ಇದರಿಂದಲೇ ಹುಟ್ಟಿತು. ಅದು ಅರ್ಧ ನಿಜ. ಉಳಿದರ್ಧ ರಸಾಯನದ್ದು, ಮೊದಲು ಅದನ್ನು ನೋಡಬೇಕು.

1839ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ಛಾಯಾಗ್ರಹಣ ಮರುವರ್ಷವೇ ಕಲ್ಕತ್ತೆಯಲ್ಲಿತ್ತು. ಆದರೆ ದಕ್ಷಿಣದ ಬಿಸಿಲಿಗೆ ಹೊಂದಿದ್ದು 1851ರಲ್ಲಿ ಫ್ರಾನ್ಸಿನ ಲ ಗ್ರೇ ರೂಪಿಸಿದ ಮೇಣದ ಕಾಗದ. ತೆಳು ಕಾಗದಕ್ಕೆ ಜೇನುಮೇಣ ಹೀರಿಸಿ, ಅಯೊಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸಿ, ಆಮೇಲೆ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿ ತೆಗೆಯುತ್ತಿದ್ದರು. ಹೀಗೆ ಸಿದ್ಧವಾದ ಹಾಳೆ ಹಲವು ದಿನ ಕೆಡದೆ ಇರುತ್ತಿತ್ತು, ಚಿತ್ರವನ್ನು ರಾತ್ರಿ ಬಿಡಾರದಲ್ಲಿ ನಿಧಾನವಾಗಿ ಡೆವಲಪ್ ಮಾಡಬಹುದಿತ್ತು. ಮದ್ರಾಸ್ ಸೇನೆಯ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಹಂಪಿಯಲ್ಲಿ ತೆಗೆದ ಚಿತ್ರಗಳು ಈ ಬಗೆಯವೇ. ಒಂದೊಂದು ನೆಗೆಟಿವೂ ಒಂದೂಕಾಲು ಅಡಿಗಿಂತ ದೊಡ್ಡದು. ಆಗ ನೆಗೆಟಿವನ್ನು ಕಾಗದದ ಮೇಲಿಟ್ಟು ಬಿಸಿಲಿನಲ್ಲೇ ಮುದ್ರಿಸುತ್ತಿದ್ದರು, ಹಿಗ್ಗಿಸುವ ಅನುಕೂಲ ಇರಲಿಲ್ಲ. ದೊಡ್ಡ ಚಿತ್ರ ಬೇಕೆಂದರೆ ಅಷ್ಟೇ ದೊಡ್ಡ ಕ್ಯಾಮೆರಾ ಹೊರಬೇಕಿತ್ತು.

ಈ ಕಾಗದದ ಶಾಪವೆಂದರೆ ನಿಧಾನ. ಬೆಳಕು ನಿಮಿಷಗಟ್ಟಲೆ ಬೀಳಬೇಕಿತ್ತು. ಅಷ್ಟರಲ್ಲಿ ಒಂದು ಎತ್ತಿನ ಗಾಡಿ ಬೀದಿಯ ಆ ತುದಿಯಿಂದ ಈ ತುದಿಗೆ ದಾಟಿಹೋಗಿರುತ್ತದೆ, ಹಾಳೆಯ ಮೇಲೆ ಅದರ ಗುರುತೂ ಉಳಿಯುವುದಿಲ್ಲ. ನಿಂತೇ ಇದ್ದ ಹಸುವಿಗೆ ದೇಹ ಉಂಟು, ತಲೆ ಮಾತ್ರ ಮಬ್ಬು. ಹಂಪಿಯ ಕಲ್ಲುಮಂಟಪಕ್ಕೆ ಇದರ ಗೊಡವೆಯಿಲ್ಲ, ಸಂತೆಗೆ ಉಂಟು. 1854ರಲ್ಲಿ ಬೇಲೂರು, ಹಳೇಬೀಡುಗಳನ್ನು ಚಿತ್ರಿಸಿದ್ದ ಸೇನಾಧಿಕಾರಿ ಲಿನೇಯಸ್ ಟ್ರೈಪ್ ಬೋಳು ಆಕಾಶವನ್ನು ಸಹಿಸದೆ ನೆಗೆಟಿವ್ ಮೇಲೆ ಬಣ್ಣದಿಂದ ಮೋಡ ಬರೆಯುತ್ತಿದ್ದ. ಅವನ ಕೆಲವು ಚಿತ್ರಗಳ ಮೋಡ ನಂಬಿ ಅಂದಿನ ಹವೆ ಹೇಳಲು ಹೋಗಬೇಡಿ!

ಮುಂದೆ ಬಂದ ಒದ್ದೆ ಗಾಜಿನ ಪ್ಲೇಟು ಕಾಲವನ್ನು ಸೆಕೆಂಡುಗಳಿಗೆ ಇಳಿಸಿತು, ಕಷ್ಟವನ್ನು ಏರಿಸಿತು. ಈಥರ್ ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿದ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಗಾಜಿನ ನಡುವೆ ಸುರಿದು, ನಾಲ್ಕೂ ಮೂಲೆಗೆ ಹರಿಯುವಂತೆ ವಾಲಿಸಿ, ಮಿಕ್ಕದ್ದನ್ನು ಸೀಸೆಗೆ ಬಸಿಯಬೇಕು. ಬಳಿಕ ಕತ್ತಲ ಗುಡಾರದಲ್ಲಿ ಮೂರು ನಾಲ್ಕು ನಿಮಿಷ ಬೆಳ್ಳಿ ದ್ರಾವಣದಲ್ಲಿ ಮುಳುಗಿಸಿ, ತೊಟ್ಟಿಕ್ಕುತ್ತಿರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಒಣಗುವ ಮೊದಲೇ ಡೆವಲಪ್ ಮಾಡಬೇಕು. ತಂಪು ದೇಶದಲ್ಲಿ ಸಿಗುವ ಹತ್ತು ನಿಮಿಷ ಇಲ್ಲಿಯ ಬೇಸಿಗೆಯಲ್ಲಿ ಸಿಗುತ್ತಿರಲಿಲ್ಲ. ಈಥರ್ ಆವಿಯಾಗಿ ಪೊರೆ ಅಂಚಿನಿಂದ ಒಣಗುತ್ತಾ ಬರುತ್ತಿತ್ತು, ಧೂಳು ಕೂತಲ್ಲಿ ಚುಕ್ಕೆ ಮೂಡುತ್ತಿತ್ತು, ತೊಳೆಯಲು ಶುದ್ಧ ನೀರೂ ಬೇಕಿತ್ತು. ಛಾಯಾಗ್ರಾಹಕ ಸ್ಯಾಮ್ಯುಯಲ್ ಬೋರ್ನ್ 1864ರಲ್ಲಿ ಕಾಶ್ಮೀರಕ್ಕೆ ಹೊರಟಾಗ ಗಾಜು, ರಸಾಯನ, ಗುಡಾರ ಹೊರಲು 42 ಆಳುಗಳಿದ್ದರು. ಆ ಹೊರೆಯಾಳುಗಳ ಹೆಸರು ಯಾವ ಚಿತ್ರದ ಅಡಿಯಲ್ಲೂ ಇಲ್ಲ.

ಇನ್ನು ಸರ್ಕಾರದ ಪಾಲು. ಟ್ರೈಪ್‌ನನ್ನು ಮದ್ರಾಸ್ ಸರ್ಕಾರ ತನ್ನ ಅಧಿಕೃತ ಛಾಯಾಗ್ರಾಹಕನನ್ನಾಗಿ ನೇಮಿಸಿ, ಖರ್ಚು ಹೆಚ್ಚೆಂದು 1859ರಲ್ಲಿ ನಿಲ್ಲಿಸಿತು. ಅವನಿಂದ ಕೇಳಿದ್ದು ಮುಖ್ಯವಾಗಿ ಕಟ್ಟಡ, ಶಾಸನ, ಭೂದೃಶ್ಯ. ಜನ ಬೇಕಾದದ್ದು 1857ರ ದಂಗೆಯ ನಂತರ, ಅದೂ ಜಾತಿ-ಪಂಗಡಗಳ ಮಾದರಿಗಳಾಗಿ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಪ್ರತಿ ಚಿತ್ರದ ಜೊತೆ ಆ ಪಂಗಡದ ಸ್ವಭಾವ ಎಂಥದ್ದು ಎಂಬ ಷರಾವನ್ನೂ ಸೇರಿಸಿತು. ಪ್ಲೇಟಿಗೆ ಬೇಕಿದ್ದದ್ದು ಅಲುಗದ ದೇಹ ಅಷ್ಟೆ. ಕೂತವನು ಕಳ್ಳನೋ ಸಾಧುವೋ ಎಂದು ಬರೆದದ್ದು ಲೇಖನಿ.

ಧಾತು-ಈಶ್ವರ ಬರವೆಂದು ನಮ್ಮ ಹಿರಿಯರು ನೆನೆಯುತ್ತಿದ್ದ 1876–78ರ ಕ್ಷಾಮದ ಚಿತ್ರಗಳಲ್ಲಿ ಈ ಎರಡೂ ಪಾಲು ಒಟ್ಟಿಗೆ ಸೇರುತ್ತವೆ. ಮದ್ರಾಸ್ ಸೇನೆಯ ಡಬ್ಲ್ಯು. ಡಬ್ಲ್ಯು. ಹೂಪರ್ ಎಲುಬು ಎದ್ದ ಜನರನ್ನು ಗುಂಪುಗುಂಪಾಗಿ ಕೂರಿಸಿ ಚಿತ್ರ ತೆಗೆದ. ಅಲುಗದಿರಲು ಕೂರಿಸಬೇಕಿತ್ತು ಎಂಬುದು ತಂತ್ರದ ಉತ್ತರ. ಹಾಗೆ ಕೂರಿಸುವಷ್ಟು ಅಧಿಕಾರ ಯಾರ ಕೈಲಿತ್ತು ಎಂಬುದಕ್ಕೆ ತಂತ್ರದಲ್ಲಿ ಉತ್ತರವಿಲ್ಲ.

1880ರ ವೇಳೆಗೆ ಒಣ ಪ್ಲೇಟು ಸಿದ್ಧವಾಗಿ ಪೆಟ್ಟಿಗೆಯಲ್ಲಿ ಸಿಗತೊಡಗಿದ ಮೇಲೆ ಗುಡಾರ ಹೊರುವ ಕೆಲಸ ತಪ್ಪಿತು. ಬಾವಿಕಟ್ಟೆ, ಸಂತೆ, ನಡೆಯುವ ಕಾಲು ಚಿತ್ರಕ್ಕೆ ಇಳಿದದ್ದು ಹೆಚ್ಚಾಗಿ ಆಮೇಲೆ. ಬಾಸೆಲ್ ಮಿಷನ್‌ನ ಸಂಗ್ರಹದಲ್ಲಿ ಮಂಗಳೂರು, ಧಾರವಾಡಗಳ ಶಾಲೆ, ಹಂಚಿನ ಕಾರ್ಖಾನೆಗಳೂ ಸಿಗುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದ ಪೋಸ್ಟ್‌ಕಾರ್ಡುಗಳು ಇದೇ ದಿನಚರಿಯನ್ನು ಬಣ್ಣ ಹಚ್ಚಿ ಮಾರಿದವು. ಸೀರೆಯ ಬಣ್ಣವನ್ನು ಎಷ್ಟೋ ಸಲ ಆರಿಸಿದ್ದು ಸಾವಿರಾರು ಮೈಲಿ ದೂರದ ಮುದ್ರಣಾಲಯ.

ಕಾಲ ನಿರ್ಧರಿಸುವಾಗ ಜನ ಹೆಚ್ಚು ಎಡವುವುದು ಒಂದೇ ಕಡೆ: ನೆಗೆಟಿವ್‌ನ ವರ್ಷವನ್ನೇ ಮುದ್ರಣದ ವರ್ಷವೆಂದು ಎಣಿಸುವುದು. ಬೋರ್ನ್ ಬಿಟ್ಟುಹೋದ ನೆಗೆಟಿವ್‌ಗಳಿಂದ ಅವನ ಸ್ಟುಡಿಯೊ ದಶಕಗಳ ಕಾಲ ಪ್ರತಿ ತೆಗೆದು ಮಾರಿತು. ಮೂಲೆಯಲ್ಲಿ ಗೀರಿದ ಸಂಖ್ಯೆ ನೆಗೆಟಿವ್‌ನದು, ಮುದ್ರಣದ್ದಲ್ಲ. ಭೂತಗನ್ನಡಿ ಹಿಡಿದಾಗ ಸಾಲುಸಾಲು ಚುಕ್ಕೆ ಕಂಡರೆ ಅದು ಫೋಟೋ ಅಲ್ಲ, ಅಚ್ಚಿನ ಹಾಫ್‌ಟೋನ್.

ಮನೆಯಲ್ಲಿ ಇಂಥವು ಇದ್ದರೆ ಮಳೆಗಾಲದ ಬಗ್ಗೆ ಎಚ್ಚರ. ಚಿತ್ರವನ್ನು ಹಿಡಿದಿಡುವ ಜೆಲಟಿನ್ ಪದರ ತೇವ ಹೀರಿ ಅಂಟಾಗುತ್ತದೆ, ಬೂಸಲಿಗೆ ಊಟವಾಗುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿದ ಫೋಟೋ ಎಳೆದರೆ ಮುಖವೇ ಕಿತ್ತು ಬರುತ್ತದೆ. ಎಳೆಯದೆ ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ. ಗಾಜಿನ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಬಿರುಕು ಬಿಡುತ್ತದೆ. ಒಂದೊಂದನ್ನೂ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ. ಫಿಲ್ಮಿನ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮಿನ ಆಧಾರವಾದ ಅಸಿಟೇಟ್ ಕೊಳೆಯುತ್ತಿದೆ, ಅದನ್ನು ಬೇರೆಯವುಗಳಿಂದ ದೂರವಿಡಿ.

ಸ್ಕ್ಯಾನ್ ಮಾಡುವಾಗ ಕಪ್ಪುಬಿಳುಪೆಂದು ಬಣ್ಣ ಆಫ್ ಮಾಡಬೇಡಿ, ಹಳದಿ ಛಾಯೆಯೂ ಸಾಕ್ಷಿಯೇ. ರಟ್ಟಿನ ಅಂಚು ಕತ್ತರಿಸಬೇಡಿ, ಸ್ಟುಡಿಯೊದ ಹೆಸರು ಇರುವುದು ಅಲ್ಲೇ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಮುಂಬದಿಯ ಅಚ್ಚಿನ ಅಕ್ಷರ ‘ನೇಟಿವ್ ವುಮನ್’ ಎಂದರೆ, ಹಿಂದೆ ಯಾರೋ ಪೆನ್ಸಿಲ್‌ನಲ್ಲಿ ಅವಳ ಹೆಸರು ಬರೆದಿರಬಹುದು.