ಕೋರ್ಟ್ ಕಾಗದದಾಗ ‘ಇಂಪ್ಯೂನ್ಡ್ ಆರ್ಡರ್’ ಅಂತ ಇದ್ರ ನಾವು ಗೆದ್ದಂಗೇನ್ರಿ?

ಗದಗ ಕಡೆ ಒಬ್ರು ಕೇಳ್ಯಾರ: “ನಮ್ಮ ಹೊಲದ ಉತಾರದಾಗ ಹೆಸರು ಸೇರ್ಸೋ ತಕರಾರಿನಾಗ ಡಿಸಿ ಸಾಹೇಬ್ರ ಆರ್ಡರ್ ನಮ್ಮ ವಿರುದ್ಧ ಆತು, ಧಾರವಾಡ ಹೈಕೋರ್ಟಿಗೆ ಹೋದ್ವಿ. ಅಲ್ಲಿಂದ ಬಂದ ಕಾಗದದಾಗ ಡಿಸಿ ಆರ್ಡರಿಗೆ ಇಂಪ್ಯೂನ್ಡ್ ಆರ್ಡರ್ ಅಂತ ಐದಾರು ಕಡೆ ಬರದಾರ. ಅಂದ್ರ ಅದು ತಪ್ಪು ಅಂತ ಕೋರ್ಟ್ ಹೇಳ್ದಂಗ ಆತಲ್ರಿ?”

ಇಲ್ರಿ, ಹಂಗಲ್ಲ. ಇಂಪ್ಯೂನ್ ಅಂದ್ರ ತಕರಾರು ಎತ್ತೋದು, ಇದು ಸರಿ ಇಲ್ಲ ಅಂತ ಪ್ರಶ್ನೆ ಮಾಡೋದು, ಅಷ್ಟ. ಇಂಪ್ಯೂನ್ಡ್ ಆರ್ಡರ್ ಅಂದ್ರ ಯಾವ ಆರ್ಡರ್ ಮ್ಯಾಲ ತಕರಾರು ಐತೋ ಆ ಆರ್ಡರ್. ತಕರಾರು ಎತ್ತಿದವ್ರು ನೀವು, ಕೋರ್ಟ್ ಅಲ್ಲ. ನಿಮ್ಮ ವಕೀಲ್ರು ಅರ್ಜಿಯೊಳಗ ಈ ಆರ್ಡರ್ ರದ್ದು ಮಾಡ್ರಿ ಅಂತ ಕೇಳುವಾಗ ಇದ ಶಬ್ದ ಹಾಕಿರ್ತಾರ, ಎದುರಿನವ್ರ ವಕೀಲ್ರೂ ಇದನ್ನ ಬಳಸ್ತಾರ, ಜಡ್ಜ್ ಸಾಹೇಬ್ರೂ ಗುರುತಿಗೆ ಅಂತ ಇದನ್ನ ಬಳಸ್ತಾರ. ನಮ್ಮ ಕನ್ನಡ ಕಾಗದದಾಗ ‘ಸದರಿ ಆದೇಶ’ ಅಂತ ಬರಿತಾರಲ್ಲ, ಅದಕ್ಕ ತಕರಾರು ಅನ್ನೋ ಅರ್ಥ ಒಂದು ಕೂಡಿಸ್ಕೊಳ್ರಿ.

ಇದನ್ನ ಇಷ್ಟು ಒತ್ತಿ ಯಾಕ ಹೇಳಾಕತ್ತೀನಿ ಅಂದ್ರ ನಮ್ಮ ಕಾಕಾನೂ ಹಿಂಗ ತಿಳ್ಕೊಂಡಿದ್ದ. ಮೊದ್ಲ ಸ್ಟೇ ಸಿಕ್ತು, ಇಂಪ್ಯೂನ್ಡ್ ಆರ್ಡರಿಗೆ ಸ್ಟೇ ಅಂತ ಇತ್ತು, ಗೆದ್ವಿ ಅಂತ ಮನಿಮಂದಿಗೆಲ್ಲಾ ಹೇಳ್ದ. ಮುಂದ ಎರಡು ವರ್ಷಕ್ಕ ಅರ್ಜಿ ವಜಾ ಆತು, ಆ ಹಾಳಿಯೊಳಗೂ ‘ಇಂಪ್ಯೂನ್ಡ್ ಆರ್ಡರ್‌ನಾಗ ಕೈ ಹಾಕೋ ಕಾರಣ ಇಲ್ಲ’ ಅನ್ನೋ ಅರ್ಥದ ಮಾತಿತ್ತು. ಗೆದ್ರೂ ಅದ ಶಬ್ದ, ಸೋತ್ರೂ ಅದ ಶಬ್ದ. ಆ ದಿನ ಅವನ ಮುಖ ನೋಡಾಕ ಆಗ್ಲಿಲ್ಲ.

ಧಾರವಾಡಕ್ಕ 2008ರಾಗ ಸಂಚಾರಿ ಪೀಠ ಬಂತು, 2013ರಾಗ ಕಾಯಂ ಆತು, ಬೆಂಗಳೂರಿಗೆ ಅಲೆಯೋದು ತಪ್ತು. ಆದ್ರ ಸಂವಿಧಾನದ 348ನೇ ವಿಧಿ ಪ್ರಕಾರ ಹೈಕೋರ್ಟ್ ವ್ಯವಹಾರ ಇಂಗ್ಲಿಷ್‌ನಾಗ ಐತಿ, ಹಿಂಗಾಗಿ ಕೋರ್ಟ್ ಹತ್ರ ಬಂದ್ರೂ ಕಾಗದ ಇನ್ನೂ ದೂರನ ಉಳಿದೈತಿ.

ಶಬ್ದದ ಮೂಲ ಲ್ಯಾಟಿನ್. ಪುಗ್ನಾ ಅಂದ್ರ ಕಾಳಗ, ಪುಗ್ನಸ್ ಅಂದ್ರ ಮುಷ್ಟಿ. ಮುಷ್ಟಿ ಕಟ್ಟಿ ಮ್ಯಾಲ ಬೀಳೋದು ಹೋಗಿ ಮಾತಿನಾಗ ಮ್ಯಾಲ ಬೀಳೋದಾಗೈತಿ. ಇಂಗ್ಲಿಷ್‌ನಾಗ impugn ಅಂತ ಬರಿಯುವಾಗ ಜಿ ಅಕ್ಷರ ಐತಿ, ಅನ್ನುವಾಗ ಇಲ್ಲ, ಸೈನ್ (sign) ಅನ್ನೋದ್ರಾಗ ಇದ್ದಂಗ. ಗಾಡಿ ಇಂಪೌಂಡ್ ಮಾಡ್ಯಾರ ಅಂತಾರಲ್ಲ, ಅದು ಜಪ್ತಿ, ಬ್ಯಾರೇನ ಶಬ್ದ.

ಕೋರ್ಟಿನ ಹೊರಗ ಇಂಪ್ಯೂನ್ ಅನ್ನೋದನ್ನ ಒಬ್ಬರ ಉದ್ದೇಶ, ಪ್ರಾಮಾಣಿಕತೆ, ಸಾಕ್ಷಿ ಇಂಥವುಗಳ ಮ್ಯಾಲ ಸಂಶಯ ಎತ್ತುವಾಗ ಬಳಸ್ತಾರ. ‘ಐ ಡೋಂಟ್ ಇಂಪ್ಯೂನ್ ಯುವರ್ ಮೋಟಿವ್ಸ್’ ಅಂದ್ರ ನಿಮ್ಮ ಮನಸಿನ್ಯಾಗ ಕೆಟ್ಟದ್ದೈತಿ ಅಂತ ನಾ ಅನ್ನಾಕತ್ತಿಲ್ಲ ಅಂತ. ಆಫೀಸ್ ಮೇಲ್‌ನಾಗ ಸುಮ್ನ ಡೌಟ್ ಕೇಳಾಕ ಇದನ್ನ ಹಾಕಬ್ಯಾಡ್ರಿ, ಭಾಳ ಖಾರ ಆಗ್ತೈತಿ, ಕ್ವೆಶ್ಚನ್ ಅಂದ್ರ ಸಾಕು.

ನಿಮ್ಮ ಕಾಗದಕ್ಕ ಬರ್ತೀನಿ. ಕಡೀ ಪ್ಯಾರಾ ತಗದು ನೋಡ್ರಿ. ‘ಕ್ವಾಶ್ಡ್’ ಇಲ್ಲಾ ‘ಸೆಟ್ ಅಸೈಡ್’ ಅಂತ ಇದ್ರ ಡಿಸಿ ಆರ್ಡರ್ ರದ್ದಾತು, ‘ಡಿಸ್ಮಿಸ್ಡ್’ ಅಂತ ಇದ್ರ ನಿಮ್ಮ ಅರ್ಜಿ ಹೋತು, ಬರೇ ‘ಸ್ಟೇ’ ಇದ್ರ ಕೇಸ್ ಇನ್ನೂ ನಡದೈತಿ. ಸೆಟ್ ಅಸೈಡ್ ಜೋಡಿ ‘ರಿಮಿಟೆಡ್’ ಅಂತಾನೂ ಇದ್ರ ಡಿಸಿ ಸಾಹೇಬ್ರು ಮತ್ತೊಮ್ಮೆ ವಿಚಾರಣೆ ಮಾಡ್ಬೇಕು ಅಂತ, ಅಲ್ಲಿ ತಾರೀಖು ತಪ್ಪಿಸಬ್ಯಾಡ್ರಿ.