ವಿಮಾ ಪ್ರಮಾಣಪತ್ರ: ಕಂಟ್ರಾಕ್ಟರ್ ಕೊಡುವ ಆ ಒಂದು ಹಾಳೆ

ಮನೆ ನವೀಕರಣಕ್ಕೆ ಬಂದ ಕಂಟ್ರಾಕ್ಟರ್ 'ನಮಗೆ ಇನ್ಶೂರೆನ್ಸ್ ಇದೆ' ಎಂದು ಕೊಡುವ ಹಾಳೆಗೆ ವಿಮಾ ಪ್ರಮಾಣಪತ್ರ ಎನ್ನುತ್ತಾರೆ. ಅದು ಪಾಲಿಸಿಯಲ್ಲ. ಪಾಲಿಸಿ ಅಂದರೆ ವಿಮಾ ಕಂಪನಿಗೂ ಕಂಟ್ರಾಕ್ಟರಿಗೂ ಆದ ಪೂರ್ತಿ ಒಪ್ಪಂದ. ಪ್ರಮಾಣಪತ್ರವು ಅದರ ಸಾರಾಂಶ, ಅದೂ ಬರೆದುಕೊಟ್ಟ ದಿನದ ಮಟ್ಟಿಗೆ. ಅಮೆರಿಕದಲ್ಲಿ ಬಳಕೆಯಲ್ಲಿರುವ 'ಅಕಾರ್ಡ್ 25' ನಮೂನೆಯ ಮೇಲ್ಭಾಗದಲ್ಲೇ, ಇದು ಮಾಹಿತಿಗಾಗಿ ಮಾತ್ರ, ಪಡೆದವರಿಗೆ ಇದರಿಂದ ಯಾವ ಹಕ್ಕೂ ಬರುವುದಿಲ್ಲ ಎಂದು ಅಚ್ಚಾಗಿರುತ್ತದೆ.

ಜನವರಿಯಲ್ಲಿ ಹಾಳೆ ಕೊಟ್ಟವರು ಮಾರ್ಚ್ ಕಂತು ಕಟ್ಟದೆ ಪಾಲಿಸಿ ರದ್ದಾದರೂ, ನಿಮ್ಮ ಕೈಯಲ್ಲಿರುವ ಹಾಳೆ ಡಿಸೆಂಬರ್ ತನಕ ವಿಮೆ ಇದೆ ಎಂದೇ ಹೇಳುತ್ತಿರುತ್ತದೆ. ಹಾಗಾಗಿ ಕಂಟ್ರಾಕ್ಟರ್ ಕೊಟ್ಟ ಜೆರಾಕ್ಸನ್ನು ನೆಚ್ಚಬೇಡಿ. ವಿಮಾ ಏಜೆಂಟರೇ ಪ್ರಮಾಣಪತ್ರವನ್ನು ನಿಮಗೆ ನೇರವಾಗಿ ಕಳಿಸಲಿ. ಆಮೇಲೆ ವಿಮಾ ಕಂಪನಿಯ ಫೋನ್ ನಂಬರನ್ನು ಆ ಹಾಳೆಯಿಂದ ತೆಗೆದುಕೊಳ್ಳದೆ ಬೇರೆ ಕಡೆ ಹುಡುಕಿ, ಪಾಲಿಸಿ ಸಂಖ್ಯೆ ಹೇಳಿ, ಇವತ್ತು ಜಾರಿಯಲ್ಲಿದೆಯೇ ಎಂದು ಕೇಳಿ. ಹತ್ತು ನಿಮಿಷದ ಕೆಲಸ.

ಹೆಚ್ಚು ಎಡವುವುದು ಹೆಸರಿನಲ್ಲಿ. ಕರಾರಿನಲ್ಲಿ, ಲೈಸೆನ್ಸಿನಲ್ಲಿ, ಪಾಲಿಸಿಯಲ್ಲಿ, ಹಣ ಹೋಗುವ ಖಾತೆಯಲ್ಲಿ ಒಂದೇ ಹೆಸರಿರಬೇಕು. ವಿಮೆಯು ಕಂಟ್ರಾಕ್ಟರ್ ಸಂಸ್ಥೆಯ ಹೆಸರಿನಲ್ಲಿದ್ದು ಕರಾರಿಗೆ ಒಬ್ಬ ವ್ಯಕ್ತಿ ತನ್ನ ಸ್ವಂತ ಹೆಸರಿನಲ್ಲಿ ಸಹಿ ಹಾಕಿದ್ದರೆ, ಇದು ನಮ್ಮ ಪಾಲಿಸಿದಾರರ ಕೆಲಸವಲ್ಲ ಎಂದು ವಿಮಾ ಕಂಪನಿ ಕೈತೊಳೆದುಕೊಳ್ಳಬಹುದು. ಲೈಸೆನ್ಸ್ ಸಂಖ್ಯೆಯನ್ನು ಅದನ್ನು ಕೊಟ್ಟ ಪ್ರಾಧಿಕಾರದ ದಾಖಲೆಯಲ್ಲೇ ನೋಡಿ: ಅವಧಿ ಮುಗಿದಿಲ್ಲವೇ, ನಿಮ್ಮ ಕೆಲಸದ ವರ್ಗಕ್ಕೆ ಅದು ಅನ್ವಯಿಸುತ್ತದೆಯೇ?

ವಿಮೆ ಎರಡು ಬಗೆಯದು ಬೇಕು. ಪೈಪ್ ಒಡೆದು ಕೆಳಮನೆಯ ಚಾವಣಿ ತೊಯ್ದರೆ ಹೊಣೆಗಾರಿಕೆ ವಿಮೆ. ಕೆಲಸಗಾರ ಅಟ್ಟಣಿಗೆಯಿಂದ ಬಿದ್ದರೆ ಕಾರ್ಮಿಕ ಪರಿಹಾರ ವಿಮೆ. ಒಂದಿದ್ದರೆ ಇನ್ನೊಂದರ ಕೆಲಸ ಆಗದು. ಕೆಟ್ಟದಾಗಿ ಕೂರಿಸಿದ ಟೈಲ್ಸ್ ಕಿತ್ತು ಮತ್ತೆ ಹಾಕುವ ಖರ್ಚನ್ನು ಸಾಮಾನ್ಯವಾಗಿ ಎರಡೂ ಕೊಡುವುದಿಲ್ಲ; ಅದಕ್ಕೆ ಕರಾರಿನಲ್ಲಿ ವಾರಂಟಿ ಬರೆಸಿಕೊಳ್ಳಬೇಕು. ಮೊತ್ತದಲ್ಲೂ ಎರಡು ಅಂಕಿ ಇರುತ್ತವೆ: ಒಂದು ಘಟನೆಗೆ ಎಷ್ಟು, ಪಾಲಿಸಿಯ ಅವಧಿಗೆಲ್ಲ ಸೇರಿ ಎಷ್ಟು. ಎರಡನೆಯದು ಸಾಮಾನ್ಯವಾಗಿ ಅವರ ಎಲ್ಲ ಗಿರಾಕಿಗಳಿಗೂ ಹಂಚಿಹೋಗುವ ಮೊತ್ತ. ಬೇರೆ ಮನೆಯ ಅನಾಹುತಕ್ಕೆ ಆಗಲೇ ಖರ್ಚಾಗಿರಬಹುದು.

ಹಾಳೆಯಲ್ಲಿ ಸಾಮಾನ್ಯವಾಗಿ ಕಾಣಿಸದ್ದು ಹೊರತುಪಡಿಕೆಗಳು. ಬಣ್ಣದ ಕೆಲಸಕ್ಕೆಂದು ಮಾಡಿಸಿದ ವಿಮೆ ಗೋಡೆ ಒಡೆಯುವುದಕ್ಕೆ ಅನ್ವಯಿಸದಿರಬಹುದು. ಚಾವಣಿಯ ಕೆಲಸ, ವೆಲ್ಡಿಂಗ್ ಹೊರಗುಳಿದಿರಬಹುದು. ಇವನ್ನು ಬರೆದಿರುವ ಪಾಲಿಸಿಯ ಪುಟಗಳನ್ನೇ ಕೇಳಿ ಪಡೆಯಿರಿ, ಕೊಡಲು ಹಿಂಜರಿದರೆ ಕರಾರಿಗೆ ಸಹಿ ಹಾಕಬೇಡಿ.

'ಪ್ರಮಾಣಪತ್ರ ಪಡೆದವರು' ಎಂಬ ಚೌಕದಲ್ಲಿ ನಿಮ್ಮ ಹೆಸರಿದ್ದ ಮಾತ್ರಕ್ಕೆ ನಿಮಗೆ ರಕ್ಷಣೆ ಇದೆ ಎಂದಲ್ಲ. ನಿಮ್ಮ ಮೇಲೆ ಯಾರಾದರೂ ದಾವೆ ಹೂಡಿದರೆ ಆ ಪಾಲಿಸಿ ನಿಮ್ಮ ಪರವಾಗಿಯೂ ನಿಲ್ಲಬೇಕಾದರೆ ನಿಮ್ಮನ್ನು 'ಹೆಚ್ಚುವರಿ ಪಾಲಿಸಿದಾರ'ರೆಂದು ಸೇರಿಸಿದ ತಿದ್ದುಪಡಿ ಪುಟ ಪಾಲಿಸಿಗೆ ಲಗತ್ತಾಗಿರಬೇಕು. ಅದರ ಪ್ರತಿಯನ್ನೂ ಇಟ್ಟುಕೊಳ್ಳಿ. ಎಲೆಕ್ಟ್ರಿಷಿಯನ್, ಪ್ಲಂಬರ್ ಉಪಗುತ್ತಿಗೆಯವರಾದರೆ ಅವರ ಲೈಸೆನ್ಸ್, ವಿಮೆಗಳನ್ನೂ ಹೀಗೇ ಪರಿಶೀಲಿಸಿ. ಕೆಲಸ ಮುಗಿಯುವ ಮೊದಲೇ ಪಾಲಿಸಿಯ ಅವಧಿ ತೀರುವುದಾದರೆ, ನವೀಕರಿಸಿದ ಪ್ರಮಾಣಪತ್ರ ಬರುವ ತನಕ ಮುಂದಿನ ಕಂತಿನ ಹಣ ಕೊಡುವುದಿಲ್ಲ ಎಂಬ ಷರತ್ತನ್ನು ಕರಾರಿನಲ್ಲೇ ಹಾಕಿಸಿ.